ಶೋಗ್ರೆನ್ ಕಾಯಿಲೆ: ನಿಮ್ಮ ರಿಪೋರ್ಟ್‌ಗಳನ್ನು 2002, 2012, 2016ರ ಮಾನದಂಡಗಳ ಎದುರು ಇಟ್ಟು ನೋಡುವ ಬಗೆ

ಕಣ್ಣು ಉರಿ, ಬಾಯಿ ಒಣಗುವಿಕೆ, ಕೀಲುನೋವು, ಸುಸ್ತು. ಇಷ್ಟು ಹೇಳಿಕೊಂಡು ಹೋದವರಿಗೆ ಒಬ್ಬ ವೈದ್ಯರು ‘ಇದು ಶೋಗ್ರೆನ್’ ಎನ್ನುತ್ತಾರೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುವ ಆಟೋಇಮ್ಯೂನ್ ಕಾಯಿಲೆ. ಇನ್ನೊಬ್ಬರು ಅದೇ ಫೈಲ್ ನೋಡಿ ‘ಮಾನದಂಡಕ್ಕೆ ಹೊಂದುತ್ತಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ಸರಿ ಇರುವ ಸಾಧ್ಯತೆ ಉಂಟು. ಒಬ್ಬರು 2002ರ ಪಟ್ಟಿಯನ್ನೂ ಇನ್ನೊಬ್ಬರು 2016ರ ಪಟ್ಟಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿರಬಹುದು. ಅದಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಬೇರೆ: ಪರೀಕ್ಷೆಯನ್ನೇ ಮಾಡಿಲ್ಲ, ಇಲ್ಲವೇ ಮಾಡಿದ ಕ್ರಮ ಸರಿಯಿಲ್ಲ. ಅಂಕ ಕೂಡುವುದು ಎರಡು ನಿಮಿಷದ ಕೆಲಸ. ಆ ಅಂಕದ ಹಿಂದಿರುವ ಸಂಖ್ಯೆ ನಂಬುವಂಥದ್ದೇ ಎಂದು ನೋಡುವುದೇ ನಿಜವಾದ ಕೆಲಸ. ಈ ಮಾರ್ಗದರ್ಶಿಯ ಬಹುಪಾಲು ಅದರ ಬಗ್ಗೆಯೇ ಇದೆ. ರೋಗಿಗಳಿಗೂ ಮನೆಯವರಿಗೂ ವೈದ್ಯಕೀಯ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ತಿಳಿದಿರಬೇಕಾದ ಒಂದು ವಿಷಯ

2002, 2012, 2016ರ ಈ ಮೂರೂ ಪಟ್ಟಿಗಳು ವರ್ಗೀಕರಣಕ್ಕಾಗಿ ಬರೆದವು. ಒಂದೇ ಬಗೆಯ ರೋಗಿಗಳನ್ನು ಆರಿಸಿ ಸಂಶೋಧನೆಗೆ, ಔಷಧ ಪ್ರಯೋಗಕ್ಕೆ ಸೇರಿಸಿಕೊಳ್ಳುವುದು ಅವುಗಳ ಉದ್ದೇಶ. ರೋಗ ನಿರ್ಣಯ ರೂಮಟಾಲಜಿಸ್ಟ್ (ಕೀಲು ಮತ್ತು ಆಟೋಇಮ್ಯೂನ್ ಕಾಯಿಲೆಗಳ ತಜ್ಞ) ಎಲ್ಲವನ್ನೂ ತೂಗಿ ನೋಡಿ ಮಾಡುವ ತೀರ್ಮಾನ. ಮಾನದಂಡದಲ್ಲಿ ಪಾಸಾಗದವರಿಗೂ ಶೋಗ್ರೆನ್ ಇರಬಹುದು. ಆರಂಭದ ಹಂತದಲ್ಲಿ ಹಾಗಾಗುವುದು ಸಾಮಾನ್ಯ. 2016ರ ಪಟ್ಟಿಯಲ್ಲಿ ಪಾಸಾಗಲು 4 ಅಂಕ ಬೇಕು. ಹಾಗಾಗಿ ‘3 ಅಂಕ ಬಂತು, 4 ಬರಲಿಲ್ಲ, ನನಗೇನೂ ಇಲ್ಲ’ ಎಂದು ಔಷಧ ಬಿಡುವುದೂ ತಪ್ಪು, ‘5 ಬಂತು’ ಎಂದು ಹೆದರಿ ಕೂರುವುದೂ ತಪ್ಪು. ಅಂಕ ಹೆಚ್ಚಿದ್ದರೆ ಕಾಯಿಲೆ ಜೋರು ಎಂದರ್ಥವಲ್ಲ. ಕಾಯಿಲೆಯ ಜೋರನ್ನು ಅಳೆಯಲು ಬೇರೆಯೇ ಅಳತೆಗೋಲುಗಳಿವೆ.

ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರ ತಮ್ಮ ಪ್ರಬಂಧದಲ್ಲಿ ಒಣಗಿದ ಕಣ್ಣು, ಒಣಗಿದ ಬಾಯಿ, ಕೀಲುನೋವು ಒಟ್ಟೊಟ್ಟಿಗೆ ಬರುವುದನ್ನು ವಿವರಿಸಿದರು. ಆಮೇಲೆ ಹಲವು ದೇಶಗಳು ತಮ್ಮ ತಮ್ಮ ಪಟ್ಟಿ ಮಾಡಿಕೊಂಡವು. ಈಗಿನ ಫೈಲ್‌ಗಳಲ್ಲಿ ನಿಮಗೆ ಎದುರಾಗುವುದು ಮುಖ್ಯವಾಗಿ ಮೂರು.

ಹಂತ 1: ಹೊರಗಿಡಬೇಕಾದ ಕಾರಣಗಳನ್ನು ನೋಡಿ

ಅಂಕ ಕೂಡಲು ಹೊರಡುವ ಮುನ್ನ ಇದನ್ನು ಮುಗಿಸಿ. ತಲೆ-ಕುತ್ತಿಗೆಗೆ ಹಿಂದೆ ರೇಡಿಯೇಷನ್ ಆಗಿದ್ದರೆ, ಸಕ್ರಿಯ ಹೆಪಟೈಟಿಸ್ ಸಿ, ಏಡ್ಸ್, ಸಾರ್ಕಾಯ್ಡೋಸಿಸ್, ಅಮೈಲಾಯ್ಡೋಸಿಸ್, ಮೂಳೆಮಜ್ಜೆ ಕಸಿಯ ನಂತರದ ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆ, ಐಜಿಜಿ-4 ಸಂಬಂಧಿ ಕಾಯಿಲೆ ಇದ್ದರೆ 2016ರ ಪಟ್ಟಿಯಲ್ಲಿ ಮುಂದೆ ಹೋಗುವಂತಿಲ್ಲ. 2002ರ ಪಟ್ಟಿಯಲ್ಲಿ ಅಮೈಲಾಯ್ಡೋಸಿಸ್ ಮತ್ತು ಐಜಿಜಿ-4 ಇರಲಿಲ್ಲ. ಅದರ ಬದಲು ಮೊದಲೇ ಇದ್ದ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇತ್ತು. ಹೆಪಟೈಟಿಸ್ ಸಿ ವಿಷಯದಲ್ಲಿ 2016 ಒಂದು ಒಳ್ಳೆಯ ತಿದ್ದುಪಡಿ ತಂದಿತು. ಪ್ರತಿಕಾಯ ಪಾಸಿಟಿವ್ ಇದ್ದರೆ ಸಾಲದು, ಪಿಸಿಆರ್‌ನಲ್ಲಿ ವೈರಸ್ ಸಿಗಬೇಕು. ಹಿಂದೆಂದೋ ಸೋಂಕು ತಗುಲಿ ಗುಣವಾದವರನ್ನು ಸುಮ್ಮನೆ ಹೊರಗಿಡುವುದು ಇದರಿಂದ ತಪ್ಪಿತು.

ನಮ್ಮಲ್ಲಿ ಹೆಚ್ಚು ಎಡವುವುದು ಔಷಧಗಳ ವಿಷಯದಲ್ಲಿ. ಅಮಿಟ್ರಿಪ್ಟಿಲಿನ್, ಹಳೆಯ ತಲೆಮಾರಿನ ಅಲರ್ಜಿ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಟ್ರೈಹೆಕ್ಸಿಫೆನಿಡಿಲ್ ಇವೆಲ್ಲ ಜೊಲ್ಲು, ಕಣ್ಣೀರು ಎರಡನ್ನೂ ಕಡಿಮೆ ಮಾಡುತ್ತವೆ. ಕೀಲುನೋವು, ನಿದ್ದೆ ಇಲ್ಲ ಎಂದು ಹೋದವರಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಿರುವುದು ಸಾಮಾನ್ಯ. ಆರು ತಿಂಗಳ ಮೇಲೆ ಅವರೇ ಬಾಯಿ ಒಣಗುತ್ತದೆ ಎಂದು ಬಂದರೆ ಯಾವುದನ್ನು ದೂರುವುದು? 2002ರ ಪಟ್ಟಿ, ಔಷಧದ ಅರ್ಧಾಯುವಿನ (ಮೈಯಲ್ಲಿ ಅದು ಅರ್ಧಕ್ಕಿಳಿಯಲು ಹಿಡಿಯುವ ಸಮಯದ) ನಾಲ್ಕು ಪಟ್ಟು ಕಾಲ ಕಳೆಯುವ ಮುನ್ನ ಅಳೆಯಬೇಡಿ ಎನ್ನುತ್ತದೆ. 2016ರ ಪಟ್ಟಿ, ಔಷಧ ನಿಲ್ಲಿಸಿ ಸಾಕಷ್ಟು ದಿನ ಬಿಟ್ಟು ಅಳೆಯಿರಿ ಎನ್ನುತ್ತದೆ. ನಿಲ್ಲಿಸುವ ತೀರ್ಮಾನ ಮಾತ್ರ ಬರೆದುಕೊಟ್ಟ ವೈದ್ಯರದು. ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಪರೀಕ್ಷೆಗೋಸ್ಕರ ನೀವಾಗಿಯೇ ಬಿಡಬೇಡಿ. ನಿಲ್ಲಿಸಲು ಆಗದಿದ್ದರೆ ಜೊಲ್ಲು, ಕಣ್ಣೀರಿನ ಸಂಖ್ಯೆಗಳನ್ನು ಅನುಮಾನದಿಂದ ನೋಡಿ, ರಕ್ತಪರೀಕ್ಷೆ ಮತ್ತು ಬಯಾಪ್ಸಿಯ ಮೇಲೆ ಹೆಚ್ಚು ಭಾರ ಹಾಕಬೇಕು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಬಾಯಿ ಒಣಗಿಸುತ್ತದೆ. ಅದು ಪಟ್ಟಿಯಲ್ಲಿಲ್ಲ, ಆದರೂ ನೋಡಿಕೊಳ್ಳಿ.

ಹಂತ 2: ಬಾಗಿಲಲ್ಲಿ ಕೇಳುವ ಪ್ರಶ್ನೆಗಳು

2016ರ ಪಟ್ಟಿಗೆ ಒಳಗೆ ಬರಲು ಈ ಐದರಲ್ಲಿ ಒಂದಕ್ಕಾದರೂ ‘ಹೌದು’ ಎನ್ನಬೇಕು: ಮೂರು ತಿಂಗಳಿಗೂ ಹೆಚ್ಚು ಕಾಲ ದಿನವೂ ಕಣ್ಣು ಒಣಗಿ ತೊಂದರೆ ಕೊಡುತ್ತಿದೆಯೇ? ಕಣ್ಣಲ್ಲಿ ಮರಳು ಬಿದ್ದಂತೆ ಪದೇಪದೇ ಅನಿಸುತ್ತದೆಯೇ? ಕೃತಕ ಕಣ್ಣೀರಿನ ಹನಿಯನ್ನು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಾಕುತ್ತೀರಾ? ಮೂರು ತಿಂಗಳಿಗೂ ಹೆಚ್ಚು ಕಾಲ ದಿನವೂ ಬಾಯಿ ಒಣಗಿದಂತಿದೆಯೇ? ಒಣ ಆಹಾರ ನುಂಗಲು ಆಗಾಗ ನೀರು ಕುಡಿಯಬೇಕಾಗುತ್ತದೆಯೇ?

ಕೊನೆಯ ಪ್ರಶ್ನೆಯನ್ನು ನಮ್ಮ ಊಟಕ್ಕೆ ಹೊಂದಿಸಿ ಕೇಳಬೇಕು. ಅನ್ನ-ಸಾರು, ಮಜ್ಜಿಗೆ ಅನ್ನ ಉಣ್ಣುವವರಿಗೆ ನುಂಗುವ ತೊಂದರೆ ಗೊತ್ತೇ ಆಗುವುದಿಲ್ಲ. ಊಟವೇ ನೀರಾಗಿರುತ್ತದೆ. ‘ಜೋಳದ ರೊಟ್ಟಿ, ಚಪಾತಿ, ಬಿಸ್ಕತ್ತು, ಚಕ್ಕುಲಿ ತಿನ್ನುವಾಗ ಪಕ್ಕದಲ್ಲಿ ನೀರಿನ ಲೋಟ ಬೇಕೇ? ಚಪಾತಿ ಬಿಟ್ಟು ಅನ್ನಕ್ಕೇ ಬಂದಿದ್ದೀರಾ?’ ಎಂದು ಕೇಳಿದಾಗ ‘ಹೌದಲ್ಲ’ ಎನ್ನುವವರು ಬಹಳ. ‘ರಾತ್ರಿ ನೀರು ಕುಡಿಯಲು ಏಳುತ್ತೀರಾ?’ ಎಂಬುದು ಪಟ್ಟಿಯಲ್ಲಿಲ್ಲದಿದ್ದರೂ ಒಳ್ಳೆಯ ಪ್ರಶ್ನೆ.

2002ರ ಪಟ್ಟಿಯಲ್ಲಿ ಕಣ್ಣಿಗೆ ಮೂರು, ಬಾಯಿಗೆ ಮೂರು ಪ್ರಶ್ನೆ. ಬಾಯಿಯ ಮೂರನೆಯದು, ದೊಡ್ಡವರಾದ ಮೇಲೆ ಜೊಲ್ಲುಗ್ರಂಥಿ ಊದಿಕೊಂಡದ್ದುಂಟೇ ಎಂಬುದು. ಅಲ್ಲಿ ಈ ಉತ್ತರಗಳಿಗೂ ಲೆಕ್ಕದಲ್ಲಿ ಜಾಗವಿದೆ. 2016ರಲ್ಲಿ ಅವು ಬಾಗಿಲು ತೆರೆಯುತ್ತವೆ ಅಷ್ಟೆ, ಅಂಕ ಕೊಡುವುದಿಲ್ಲ.

2016ರಲ್ಲಿ ಇನ್ನೊಂದು ಬಾಗಿಲೂ ಇದೆ. ಒಣಗುವಿಕೆ ಇಲ್ಲದಿದ್ದರೂ ಕಾಯಿಲೆಯ ಜೋರನ್ನು ಅಳೆಯುವ ಇಎಸ್‌ಎಸ್‌ಡಿಎಐ ಎಂಬ ಪಟ್ಟಿಯ 12 ವಿಭಾಗಗಳಲ್ಲಿ ಒಂದರಲ್ಲಾದರೂ ಶೋಗ್ರೆನ್ ಅನುಮಾನ ಬರುವಂಥ ಲಕ್ಷಣವಿದ್ದರೆ ಒಳಗೆ ಬರಬಹುದು. ಕೀಲು, ಚರ್ಮ, ಶ್ವಾಸಕೋಶ, ಮೂತ್ರಪಿಂಡ, ನರ, ರಕ್ತಕಣ, ದುಗ್ಧಗ್ರಂಥಿ ಇವೆಲ್ಲ ಅದರಲ್ಲಿವೆ. ಇದು ನಮಗೆ ಬಹಳ ಮುಖ್ಯ. ಭಾರತದಿಂದ ಬಂದ ವೈದ್ಯಕೀಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಚಿತ್ರವಿದೆ: ಚಿಕ್ಕ ವಯಸ್ಸಿನ ಹೆಣ್ಣುಮಗಳು ಬೆಳಿಗ್ಗೆ ಏಳಲು ಹೋದರೆ ಕಾಲು ಏಳುವುದಿಲ್ಲ. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ ಸಿಗುತ್ತದೆ, ರಕ್ತದಲ್ಲಿ ಆಮ್ಲ ಹೆಚ್ಚಿರುತ್ತದೆ, ಆದರೂ ಮೂತ್ರದ ಪಿಎಚ್ 5.5ಕ್ಕಿಂತ ಕೆಳಗಿಳಿಯುವುದಿಲ್ಲ. ಇದು ಡಿಸ್ಟಲ್ ರೀನಲ್ ಟ್ಯೂಬ್ಯುಲಾರ್ ಆಸಿಡೋಸಿಸ್, ಅಂದರೆ ಮೂತ್ರಪಿಂಡ ಆಮ್ಲವನ್ನು ಸರಿಯಾಗಿ ಹೊರಹಾಕದ ತೊಂದರೆ. ಹಿಂದಿರುವ ಕಾರಣ ಶೋಗ್ರೆನ್ ಆಗಿರುವುದುಂಟು. ಕಣ್ಣು-ಬಾಯಿಯ ಬಗ್ಗೆ ಆಕೆಗೆ ದೂರೇ ಇರುವುದಿಲ್ಲ. ಪೊಟ್ಯಾಸಿಯಂ ಏರಿಸಿ ಮನೆಗೆ ಕಳಿಸಿದರೆ ಮತ್ತೆ ಬರುತ್ತಾಳೆ.

ಹಂತ 3: ಪ್ರತಿಯೊಂದು ಪರೀಕ್ಷೆಯ ಸಂಖ್ಯೆಯನ್ನೂ ತಪಾಸಣೆ ಮಾಡಿ

*ಶಿರ್ಮರ್ ಪರೀಕ್ಷೆ.* ಕಣ್ಣೀರು ಎಷ್ಟು ಬರುತ್ತದೆ ಎಂದು ಅಳೆಯುವುದು. 5 ಮಿ.ಮೀ. ಅಗಲ, 35 ಮಿ.ಮೀ. ಉದ್ದದ ಸೋಸುಕಾಗದದ ಪಟ್ಟಿಯನ್ನು ಗುರುತಿನ ಬಳಿ ಮಡಚಿ, ಕೆಳರೆಪ್ಪೆಯ ಒಳಗೆ, ಹೊರಗಡೆಯ ಮೂರನೇ ಒಂದು ಭಾಗದಲ್ಲಿ ಸಿಕ್ಕಿಸುತ್ತಾರೆ. ಕಣ್ಣು ಮುಚ್ಚಿ 5 ನಿಮಿಷ. ಮಡಿಕೆಯಿಂದ ಎಷ್ಟು ಮಿ.ಮೀ. ಒದ್ದೆಯಾಯಿತು ಎಂಬುದೇ ಉತ್ತರ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2002ಕ್ಕೂ 2016ಕ್ಕೂ ಪಾಸಿಟಿವ್. 2016ರಲ್ಲಿ ಒಂದು ಕಣ್ಣು ಸಾಕು. 2012ರ ಪಟ್ಟಿಯಲ್ಲಿ ಶಿರ್ಮರ್‌ಗೆ ಜಾಗವೇ ಇಲ್ಲ.

ಮರಗಟ್ಟಿಸುವ ಹನಿ ಹಾಕಿ ಮಾಡಿದ ಶಿರ್ಮರ್ ಈ ಮಾನದಂಡಗಳಿಗೆ ಲೆಕ್ಕಕ್ಕಿಲ್ಲ. ಹನಿ ಹಾಕಿದರೆ ಕಾಗದ ಚುಚ್ಚಿ ಬರುವ ಕಣ್ಣೀರು ನಿಂತು ಸಂಖ್ಯೆ ಕೆಳಗಿಳಿಯುತ್ತದೆ. ಕಣ್ಣಿನ ಒಪಿಡಿಯಲ್ಲಿ ಒತ್ತಡ ನೋಡಲು ಹನಿ ಹಾಕಿ, ಆಮೇಲೆ ಶಿರ್ಮರ್ ಮಾಡುವುದು ಎಲ್ಲೆಡೆ ನಡೆಯುವ ತಪ್ಪು. ರಿಪೋರ್ಟ್‌ನಲ್ಲಿ ‘ಹನಿ ಇಲ್ಲದೆ’ ಎಂದು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕೃತಕ ಕಣ್ಣೀರನ್ನು ಪರೀಕ್ಷೆಗೆ ಮುಂಚಿನ ಕೆಲವು ಗಂಟೆ ಹಾಕಬೇಡಿ. ಕಾಗದ ಕಾರ್ನಿಯಾಕ್ಕೆ (ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪೊರೆ) ತಗುಲಿದರೆ ಉರಿಯಿಂದ ನೀರು ಸುರಿದು 20 ಮಿ.ಮೀ. ಬರಬಹುದು, ಅದು ಸುಳ್ಳು ನೆಗೆಟಿವ್. ವಯಸ್ಸಾದವರಲ್ಲಿ ಶೋಗ್ರೆನ್ ಇಲ್ಲದೆಯೂ ಸಂಖ್ಯೆ ಕಡಿಮೆ ಬರುತ್ತದೆ.

*ಕಣ್ಣಿನ ಬಣ್ಣದ ಪರೀಕ್ಷೆ.* ಒಣಗಿ ಹಾನಿಯಾದ ಜಾಗ ಚುಕ್ಕೆಯಾಗಿ ಕಾಣಲೆಂದು ಕಣ್ಣಿಗೆ ಬಣ್ಣದ ಹನಿ ಹಾಕಿ ನೋಡುವುದು. ಶಿರ್ಮರ್ ಮುಗಿದ ಮೇಲೆಯೇ ಇದನ್ನು ಮಾಡಬೇಕು. ಕಾರ್ನಿಯಾಕ್ಕೆ ಫ್ಲೋರೆಸಿನ್, ಬಿಳಿಭಾಗಕ್ಕೆ ಲಿಸಮೈನ್ ಗ್ರೀನ್. ಕಾರ್ನಿಯಾದಲ್ಲಿ 1ರಿಂದ 5 ಚುಕ್ಕೆಗೆ 1 ಅಂಕ, 6ರಿಂದ 30ಕ್ಕೆ 2, 30ಕ್ಕಿಂತ ಹೆಚ್ಚಿದ್ದರೆ 3. ಚುಕ್ಕೆಗಳು ಕೂಡಿಕೊಂಡಿದ್ದರೆ 1, ಪಾಪೆಯ ಎದುರಿನ ಭಾಗದಲ್ಲಿದ್ದರೆ 1, ಎಳೆಗಳು ಕಂಡರೆ 1 ಹೆಚ್ಚುವರಿ. ಹೀಗೆ ಕಾರ್ನಿಯಾಕ್ಕೆ ಗರಿಷ್ಠ 6. ಬಿಳಿಭಾಗದಲ್ಲಿ ಮೂಗಿನ ಕಡೆ 3, ಕಿವಿಯ ಕಡೆ 3. ಅಲ್ಲಿ 10ರಿಂದ 32 ಚುಕ್ಕೆಗೆ 1, 33ರಿಂದ 100ಕ್ಕೆ 2, 100 ದಾಟಿದರೆ 3. ಒಂದು ಕಣ್ಣಿಗೆ ಒಟ್ಟು 12. ಇದನ್ನು ಆಕ್ಯುಲರ್ ಸ್ಟೇನಿಂಗ್ ಸ್ಕೋರ್ ಎನ್ನುತ್ತಾರೆ.

ಪಟ್ಟಿಗಳು ಇಲ್ಲೇ ಕವಲೊಡೆಯುತ್ತವೆ. 2012ಕ್ಕೆ 3 ಸಾಕು, 2016ಕ್ಕೆ 5 ಬೇಕು. 3 ಎಂಬ ಗೆರೆ ತೀರಾ ಸಡಿಲ, ಬೇರೆ ಕಾರಣದ ಒಣಕಣ್ಣಿನವರೂ ಅದನ್ನು ದಾಟುತ್ತಿದ್ದರು ಎಂಬುದೇ ಬದಲಾವಣೆಗೆ ಕಾರಣ. 2002ರಲ್ಲಿ ರೋಸ್ ಬೆಂಗಾಲ್ ಬಣ್ಣ, ವ್ಯಾನ್ ಬೈಸ್ಟರ್‌ವೆಲ್ಡ್ ಅಂಕ, ಒಂದು ಕಣ್ಣಿಗೆ 9ರಲ್ಲಿ 4 ಅಥವಾ ಹೆಚ್ಚು. 2016 ಈ ಹಳೆಯ ಅಂಕವನ್ನೂ ಒಪ್ಪುತ್ತದೆ. ‘ಸ್ಟೇನಿಂಗ್ ಪಾಸಿಟಿವ್’ ಎಂದಷ್ಟೇ ಬರೆದ ರಿಪೋರ್ಟ್‌ನಿಂದ ಯಾವ ಪಟ್ಟಿಗೂ ಪ್ರಯೋಜನವಿಲ್ಲ. ಯಾವ ಬಣ್ಣ, ಯಾವ ಅಳತೆ, ಪ್ರತಿ ಕಣ್ಣಿಗೆ ಎಷ್ಟು ಎಂದು ಕೇಳಬೇಕು. ಗ್ಲಾಕೋಮಾದ ಹನಿ ದಿನವೂ ಹಾಕುವವರು, ಕಳೆದ 5 ವರ್ಷದಲ್ಲಿ ಕಾರ್ನಿಯಾ ಅಥವಾ ಸೌಂದರ್ಯಕ್ಕಾಗಿ ರೆಪ್ಪೆಯ ಶಸ್ತ್ರಚಿಕಿತ್ಸೆ ಆದವರ ಅಂಕವನ್ನು 2012 ಪರಿಗಣಿಸುವುದಿಲ್ಲ.

*ಜೊಲ್ಲಿನ ಅಳತೆ.* ಯಂತ್ರ ಬೇಕಿಲ್ಲ. ಒಂದು ಕಪ್, ಒಂದು ಗಡಿಯಾರ, ಗ್ರಾಂನ ದಶಾಂಶ ತೋರಿಸುವ ತಕ್ಕಡಿ ಸಾಕು. ಆದರೂ ನಮ್ಮ ಫೈಲ್‌ಗಳಲ್ಲಿ ಹೆಚ್ಚಾಗಿ ಕಾಣದಿರುವ ಪರೀಕ್ಷೆ ಇದೇ. ಬೆಳಗಿನ ಹೊತ್ತು, ಅದಕ್ಕೆ ಮುಂಚಿನ ಒಂದೂವರೆ ಗಂಟೆ ತಿಂಡಿ, ಕಾಫಿ, ಹಲ್ಲುಜ್ಜುವುದು, ಬೀಡಿ-ಸಿಗರೇಟು, ಎಲೆಅಡಿಕೆ ಯಾವುದೂ ಬೇಡ. ಖಾಲಿ ಕಪ್ ತೂಗಿ. ತಲೆ ಸ್ವಲ್ಪ ಮುಂದೆ ಬಾಗಿಸಿ ಕುಳಿತು, ಒಮ್ಮೆ ಇದ್ದದ್ದನ್ನು ನುಂಗಿ ಗಡಿಯಾರ ಶುರು ಮಾಡಿ. ಜಗಿಯಬಾರದು, ನಾಲಿಗೆ ಆಡಿಸಬಾರದು, ಮಾತಾಡಬಾರದು. ಬಾಯಲ್ಲಿ ಸೇರಿದ ಜೊಲ್ಲನ್ನು ಕಪ್‌ಗೆ ಉಗುಳುತ್ತಾ 15 ನಿಮಿಷ. ಮತ್ತೆ ತೂಗಿ. 1 ಗ್ರಾಂ ಸುಮಾರು 1 ಮಿ.ಲೀ. ಕಪ್ 12.4 ಗ್ರಾಂ ಇದ್ದದ್ದು 13.3 ಆದರೆ ಜೊಲ್ಲು 0.9 ಮಿ.ಲೀ. 15ರಿಂದ ಭಾಗಿಸಿದರೆ ನಿಮಿಷಕ್ಕೆ 0.06. 2016ರ ಗೆರೆ ನಿಮಿಷಕ್ಕೆ 0.1 ಅಥವಾ ಕಡಿಮೆ. 2002ರ ಗೆರೆ 15 ನಿಮಿಷಕ್ಕೆ 1.5 ಅಥವಾ ಕಡಿಮೆ. ಎರಡೂ ಒಂದೇ. 2002ರಲ್ಲಿ ಇದರ ಬದಲು ಸೈಯಲೋಗ್ರಫಿ (ಜೊಲ್ಲುನಾಳಗಳ ಎಕ್ಸ್-ರೇ) ಅಥವಾ ಜೊಲ್ಲುಗ್ರಂಥಿಯ ಸಿಂಟಿಗ್ರಫಿಯೂ (ಐಸೊಟೋಪ್ ಸ್ಕ್ಯಾನ್) ನಡೆಯುತ್ತಿತ್ತು. 2012 ಜೊಲ್ಲನ್ನು ಅಳೆಯುವುದೇ ಇಲ್ಲ.

ನೊರೆ ಹೆಚ್ಚಿರುವ ಜೊಲ್ಲನ್ನು ಸಿರಿಂಜಿನಲ್ಲಿ ಎಳೆದು ಅಳೆದರೆ ಸಂಖ್ಯೆ ಹೆಚ್ಚು ಬರುತ್ತದೆ, ಆದ್ದರಿಂದ ತೂಕವೇ ಮೇಲು. ನಿಂಬೆಹುಳಿ ಚೀಪಿಸಿ, ಗಮ್ ಜಗಿಸಿ ಅಳೆದದ್ದು ಬೇರೆಯೇ ಪರೀಕ್ಷೆ. ಅದನ್ನು ಇಲ್ಲಿ ಹಾಕಬೇಡಿ.

*ರಕ್ತ.* ಬೇಕಾದದ್ದು ಆಂಟಿ-ಆರ್‌ಒ (Ro), ಅಂದರೆ ಎಸ್‌ಎಸ್‌ಎ (SSA) ಎಂಬ ಪ್ರತಿಕಾಯ. ಎಎನ್‌ಎ (ಆಟೋಇಮ್ಯೂನ್ ಕಾಯಿಲೆಗೆ ಮೊದಲು ಮಾಡಿಸುವ ಪ್ರತಿಕಾಯ ಪರೀಕ್ಷೆ) ನೆಗೆಟಿವ್ ಬಂತೆಂದು ಅಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಎಎನ್‌ಎ ಕಾಣದೆಯೂ ಆರ್‌ಒ ಇರಬಹುದು. ಅನುಮಾನ ಬಲವಾಗಿದ್ದರೆ ಇಎನ್‌ಎ ಅಥವಾ ಎಎನ್‌ಎ ಪ್ರೊಫೈಲ್ ಎಂದು ಲ್ಯಾಬ್‌ಗಳು ಕರೆಯುವ ಪಟ್ಟಿಯನ್ನು ಮಾಡಿಸಲೇಬೇಕು. ಅದರಲ್ಲಿ ಎಸ್‌ಎಸ್‌ಎ ಮತ್ತು ಆರ್‌ಒ-52 ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಎಸ್‌ಎಸ್‌ಎ ಎಂದಿರುವುದು ಸಾಮಾನ್ಯವಾಗಿ 60 ಕಿಲೋಡಾಲ್ಟನ್‌ನ ಆರ್‌ಒ-60. ಎರಡೂ ಪಾಸಿಟಿವ್ ಇದ್ದರೆ ಗೊಂದಲವಿಲ್ಲ. ಆರ್‌ಒ-52 ಒಂದೇ ಇದ್ದರೆ ತಡೆದು ನೋಡಿ. ಸ್ನಾಯು ಉರಿಯೂತ, ಶ್ವಾಸಕೋಶದ ಕಾಯಿಲೆ, ಬೇರೆ ಆಟೋಇಮ್ಯೂನ್ ಕಾಯಿಲೆಗಳಲ್ಲೂ ಅದು ಸಿಗುತ್ತದೆ. ಅದೊಂದರ ಬಲದಿಂದ 3 ಅಂಕ ಹಾಕಿಕೊಳ್ಳುವ ಮುನ್ನ ವೈದ್ಯರ ಜತೆ ಮಾತಾಡಿ. ಬ್ಲಾಟ್‌ನಲ್ಲಿ ‘ಬಾರ್ಡರ್‌ಲೈನ್’ ಎಂದು ಬಂದರೆ ಎಲೈಸಾದಂಥ ಇನ್ನೊಂದು ವಿಧಾನದಲ್ಲಿ ಮತ್ತೆ ನೋಡುವುದು ಒಳ್ಳೆಯದು.

2002 ಎಸ್‌ಎಸ್‌ಎ ಅಥವಾ ಎಸ್‌ಎಸ್‌ಬಿ (ಎಸ್‌ಎಸ್‌ಎಯ ಜತೆಗಾರ ಪ್ರತಿಕಾಯ) ಯಾವುದನ್ನಾದರೂ ಒಪ್ಪುತ್ತದೆ. 2012 ಇವೆರಡರ ಜತೆಗೆ, ರೂಮಟಾಯ್ಡ್ ಫ್ಯಾಕ್ಟರ್ (ಇನ್ನೊಂದು ಬಗೆಯ ಪ್ರತಿಕಾಯ) ಪಾಸಿಟಿವ್ ಮತ್ತು ಎಎನ್‌ಎ 1:320 ಅಥವಾ ಹೆಚ್ಚು, ಇವೆರಡೂ ಕೂಡಿ ಇದ್ದರೂ ಒಪ್ಪುತ್ತದೆ. 2016 ಎಸ್‌ಎಸ್‌ಎ ಒಂದನ್ನೇ ಉಳಿಸಿಕೊಂಡಿತು. ಎಸ್‌ಎಸ್‌ಬಿ ಮಾತ್ರ ಇರುವವರ ಬಯಾಪ್ಸಿ, ಕಣ್ಣು ಎಲ್ಲ ನೋಡಿದರೆ ಅವರು ಪ್ರತಿಕಾಯವೇ ಇಲ್ಲದವರನ್ನು ಹೆಚ್ಚು ಹೋಲುತ್ತಿದ್ದರು.

ಶೋಗ್ರೆನ್‌ನಲ್ಲಿ ರೂಮಟಾಯ್ಡ್ ಫ್ಯಾಕ್ಟರ್ ಬಹಳ ಜನರಿಗೆ ಪಾಸಿಟಿವ್ ಬರುತ್ತದೆ. ಕೀಲುನೋವೂ ಇರುವುದರಿಂದ ‘ರೂಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಓಡಾಡುವವರಿದ್ದಾರೆ. ಆ ಚೀಟಿಯ ಜತೆಗೆ ಕಣ್ಣು, ಬಾಯಿಯ ದೂರಿದ್ದರೆ ಇಎನ್‌ಎ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

*ತುಟಿಯ ಬಯಾಪ್ಸಿ.* ಕೆಳತುಟಿಯ ಒಳಮೈಯಲ್ಲಿ, ಹುಣ್ಣು-ಗಾಯ ಇಲ್ಲದ ಕಡೆ, ನಡುಗೆರೆಯಿಂದ ಪಕ್ಕಕ್ಕೆ ಮರಗಟ್ಟಿಸಿ 1ರಿಂದ 1.5 ಸೆಂ.ಮೀ. ಕೊಯ್ದು ಸಣ್ಣ ಜೊಲ್ಲುಗ್ರಂಥಿಗಳನ್ನು ತೆಗೆಯುತ್ತಾರೆ. ನಾಲ್ಕರಿಂದ ಆರು ಗ್ರಂಥಿ ಬೇಕು, ಸೂಕ್ಷ್ಮದರ್ಶಕದ ಗಾಜಿನ (ಸ್ಲೈಡ್) ಮೇಲೆ ಒಟ್ಟು ವಿಸ್ತೀರ್ಣ ಕನಿಷ್ಠ 8 ಚದರ ಮಿ.ಮೀ. ಆದರೆ ಒಳ್ಳೆಯದು. ಎರಡು ಗ್ರಂಥಿ ಕಳಿಸಿ ‘ಸ್ಯಾಂಪಲ್ ಸಾಲದು’ ಎಂದು ವಾಪಸ್ ಬಂದರೆ ರೋಗಿ ಮತ್ತೆ ಕೊಯ್ಸಿಕೊಳ್ಳಬೇಕಾಗುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ತುಟಿ ಕೆಲವು ವಾರ ಜೋಮು ಹಿಡಿದಂತಿರಬಹುದು. ಕೆಲವರಿಗೆ ಮಾತ್ರ ಅದು ಉಳಿದುಬಿಡುತ್ತದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇದು ಗೊತ್ತಿರಲಿ.

ಎಣಿಕೆ ಹೀಗೆ. ನಾಳ ಅಥವಾ ರಕ್ತನಾಳದ ಸುತ್ತ, ಆರೋಗ್ಯವಾಗಿ ಕಾಣುವ ಗ್ರಂಥಿಭಾಗದ ಪಕ್ಕದಲ್ಲಿ, 50 ಅಥವಾ ಹೆಚ್ಚು ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಗುಂಪಾಗಿದ್ದರೆ ಅದು ಒಂದು ಫೋಕಸ್. ಒಟ್ಟು ಫೋಕಸ್‌ಗಳನ್ನು 4ರಿಂದ ಗುಣಿಸಿ ಗ್ರಂಥಿಯ ಚದರ ಮಿ.ಮೀ.ಗಳಿಂದ ಭಾಗಿಸಬೇಕು. ಬಂದದ್ದೇ ಫೋಕಸ್ ಸ್ಕೋರ್. 12 ಚದರ ಮಿ.ಮೀ.ನಲ್ಲಿ 5 ಫೋಕಸ್ ಇದ್ದರೆ 1.67, ಪಾಸಿಟಿವ್. ಅಷ್ಟೇ ಜಾಗದಲ್ಲಿ 2 ಇದ್ದರೆ 0.67, ನೆಗೆಟಿವ್. ಗೆರೆ 1. ಈ ಒಂದು ವಿಷಯದಲ್ಲಿ ಮೂರೂ ಪಟ್ಟಿಗಳು ಒಂದೇ ಮಾತು ಹೇಳುತ್ತವೆ.

‘ಕ್ರಾನಿಕ್ ಸೈಯಲಡೆನೈಟಿಸ್ (ಜೊಲ್ಲುಗ್ರಂಥಿಯ ದೀರ್ಘಕಾಲದ ಉರಿಯೂತ), ಶೋಗ್ರೆನ್‌ಗೆ ಹೊಂದುತ್ತದೆ’ ಎಂದು ಫೋಕಸ್ ಸ್ಕೋರ್ ಇಲ್ಲದೆ ಬರೆದ ರಿಪೋರ್ಟ್‌ಗೆ ಅಂಕ ಹಾಕಬೇಡಿ. ವಯಸ್ಸಾದವರಲ್ಲಿ ಗ್ರಂಥಿ ಒಣಗಿ ನಾರಾಗಿ ಅಲ್ಲಲ್ಲಿ ಲಿಂಫೋಸೈಟ್ ಚದುರಿರುವುದು ಸಹಜ, ಅದು ಶೋಗ್ರೆನ್‌ನ ಚಿತ್ರವಲ್ಲ. ಗಾಜುಗಳನ್ನು ಬಾಯಿಯ ಅಥವಾ ಜೊಲ್ಲುಗ್ರಂಥಿಯ ಪೆಥಾಲಜಿಯಲ್ಲಿ ಪಳಗಿದವರಿಗೆ ಮತ್ತೆ ತೋರಿಸಬಹುದು. ಹೊಸದಾಗಿ ಕೊಯ್ಯುವ ಅಗತ್ಯವಿಲ್ಲ, ಆಸ್ಪತ್ರೆಯಿಂದ ಗಾಜು ಮತ್ತು ಬ್ಲಾಕ್ (ಮೇಣದಲ್ಲಿಟ್ಟ ತುಣುಕು) ಕೇಳಿ ಪಡೆಯಿರಿ. ಫೋಕಸ್ ಸ್ಕೋರ್ ಬದಲು ಚಿಸಮ್-ಮೇಸನ್ ಎಂಬ ಹಳೆಯ ಅಳತೆಯ ಗ್ರೇಡ್ ಕೊಟ್ಟಿದ್ದರೆ 3 ಮತ್ತು 4 ಮಾತ್ರ ಲೆಕ್ಕಕ್ಕೆ. ಧೂಮಪಾನಿಗಳಲ್ಲಿ ಫೋಕಸ್ ಸ್ಕೋರ್ ಕಡಿಮೆ ಬರುವುದುಂಟು.

ಹಂತ 4: ಮೂರು ಪಟ್ಟಿಯಲ್ಲೂ ಕೂಡಿ

2002, ಅಮೆರಿಕ-ಯುರೋಪ್ ಒಮ್ಮತದ ಪಟ್ಟಿ. ಆರು ಅಂಶ: ಕಣ್ಣಿನ ದೂರು, ಬಾಯಿಯ ದೂರು, ಕಣ್ಣಿನ ಪರೀಕ್ಷೆ, ಬಯಾಪ್ಸಿ, ಜೊಲ್ಲಿನ ಪರೀಕ್ಷೆ, ಪ್ರತಿಕಾಯ. ಆರರಲ್ಲಿ ನಾಲ್ಕು ಬೇಕು, ಆ ನಾಲ್ಕರಲ್ಲಿ ಬಯಾಪ್ಸಿ ಅಥವಾ ಪ್ರತಿಕಾಯ ಇರಲೇಬೇಕು. ಇಲ್ಲವೇ ದೂರುಗಳನ್ನು ಬಿಟ್ಟು ಉಳಿದ ನಾಲ್ಕರಲ್ಲಿ ಮೂರು. ರೂಮಟಾಯ್ಡ್, ಲೂಪಸ್‌ನಂಥ ಕಾಯಿಲೆ ಮೊದಲೇ ಇದ್ದರೆ ಒಂದು ದೂರು ಮತ್ತು ಕಣ್ಣು, ಬಯಾಪ್ಸಿ, ಜೊಲ್ಲು ಈ ಮೂರರಲ್ಲಿ ಎರಡು ಸಾಕು, ಅದನ್ನು ಸೆಕೆಂಡರಿ ಎಂದು ಕರೆಯುತ್ತಿದ್ದರು.

2012, ಅಮೆರಿಕನ್ ಕಾಲೇಜ್ ಆಫ್ ರೂಮಟಾಲಜಿ. ಸಿಕ್ಕಾ ಎಂಬ ಅಂತರರಾಷ್ಟ್ರೀಯ ನೋಂದಣಿಯ ರೋಗಿಗಳ ಮಾಹಿತಿಯಿಂದ ಬಂದದ್ದು. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯೂ ಅದರ ಕೇಂದ್ರಗಳಲ್ಲೊಂದು. ಮೂರು ಅಂಶ: ರಕ್ತ, ಬಯಾಪ್ಸಿ, ಕಣ್ಣಿನ ಬಣ್ಣದ ಅಂಕ. ಎರಡು ಬೇಕು.

2016, ಅಮೆರಿಕನ್ ಕಾಲೇಜ್ ಮತ್ತು ಯುರೋಪಿನ ರೂಮಟಾಲಜಿ ಸಂಘಟನೆ ಯೂಲಾರ್ ಒಟ್ಟಾಗಿ ಮಾಡಿದ್ದು. ಬಯಾಪ್ಸಿಗೆ 3, ಎಸ್‌ಎಸ್‌ಎಗೆ 3, ಕಣ್ಣಿನ ಬಣ್ಣಕ್ಕೆ 1, ಶಿರ್ಮರ್‌ಗೆ 1, ಜೊಲ್ಲಿಗೆ 1. ಒಟ್ಟು 4 ಆದರೆ ಪಾಸು. ತಜ್ಞರ ತೀರ್ಮಾನದ ಎದುರು ಇಟ್ಟು ನೋಡಿದಾಗ ಇದರ ಸೂಕ್ಷ್ಮತೆ (ಕಾಯಿಲೆ ಇರುವವರನ್ನು ಗುರುತಿಸುವುದು) ಶೇ 96, ನಿರ್ದಿಷ್ಟತೆ (ಇಲ್ಲದವರನ್ನು ಹೊರಗಿಡುವುದು) ಶೇ 95 ಬಂತು. ಬೇರೆ ಕಾಯಿಲೆಯ ಜತೆ ಇದ್ದರೂ ಇಲ್ಲದಿದ್ದರೂ ಲೆಕ್ಕ ಒಂದೇ. ಸಣ್ಣ ಅಂಕ ಮೂರೂ ಕೂಡಿದರೆ 3 ಮಾತ್ರ ಎಂಬುದನ್ನು ಗಮನಿಸಿ. ಎಸ್‌ಎಸ್‌ಎ ಅಥವಾ ಬಯಾಪ್ಸಿ ಎರಡರಲ್ಲಿ ಒಂದಿಲ್ಲದೆ 4 ಮುಟ್ಟಲು ದಾರಿಯೇ ಇಲ್ಲ.

ಈಗ ನಾಲ್ಕು ಕಲ್ಪಿತ ಫೈಲ್‌ಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು: ಕಣ್ಣು, ಬಾಯಿ ಎರಡರ ದೂರೂ ಇದೆ. ಶಿರ್ಮರ್ 4 ಮತ್ತು 3, ಬಣ್ಣದ ಅಂಕ 4, ಜೊಲ್ಲು 15 ನಿಮಿಷಕ್ಕೆ 1.2 ಮಿ.ಲೀ., ಎಸ್‌ಎಸ್‌ಎ ಪಾಸಿಟಿವ್, ಬಯಾಪ್ಸಿ ಆಗಿಲ್ಲ. 2002ರಲ್ಲಿ ಆರರಲ್ಲಿ ಐದು. 2012ರಲ್ಲಿ ರಕ್ತ ಮತ್ತು ಕಣ್ಣು ಸೇರಿ ಎರಡು. 2016ರಲ್ಲಿ 3+1+1=5, ಬಣ್ಣದ 4ಕ್ಕೆ ಅಂಕವಿಲ್ಲ. ಮೂರರಲ್ಲೂ ಪಾಸು, ತುಟಿ ಕೊಯ್ಯುವ ಅಗತ್ಯ ಬೀಳಲಿಲ್ಲ. ಎಸ್‌ಎಸ್‌ಎ ಪಾಸಿಟಿವ್ ಇರುವವರಿಗೆ ಮೊದಲು ಕಪ್ ಮತ್ತು ಕಾಗದದ ಪರೀಕ್ಷೆ ಮುಗಿಸಿ ಎನ್ನುವುದು ಇದಕ್ಕೇ.

ಎರಡನೆಯದು: ಎರಡೂ ದೂರು, ಎರಡೂ ಕಣ್ಣಲ್ಲಿ ಶಿರ್ಮರ್ 3, ಬಣ್ಣದ ಅಂಕ 3, ಜೊಲ್ಲು 2.4 ಮಿ.ಲೀ., ಎಸ್‌ಎಸ್‌ಎ ನೆಗೆಟಿವ್, ಎಸ್‌ಎಸ್‌ಬಿ ಪಾಸಿಟಿವ್, ಬಯಾಪ್ಸಿ ಆಗಿಲ್ಲ. 2002ರಲ್ಲಿ ನಾಲ್ಕು ಅಂಶ ಸಿಕ್ಕಿ ಪಾಸು. 2012ರಲ್ಲೂ ಪಾಸು. 2016ರಲ್ಲಿ ಶಿರ್ಮರ್‌ನ ಒಂದೇ ಅಂಕ. ಹಿಂದೆ ರೋಗವಿದೆ ಎಂದು ಬರೆಸಿಕೊಂಡವರು ಇಂದು ಪಟ್ಟಿಯಿಂದ ಬೀಳುವುದು ಹೀಗೆ. ಬಯಾಪ್ಸಿ ಮಾಡಿಸಿ ಫೋಕಸ್ ಸ್ಕೋರ್ 1 ಮುಟ್ಟಿದರೆ 4 ಆಗುತ್ತದೆ. ಬಯಾಪ್ಸಿಯಿಂದ ನಿಜವಾದ ಲಾಭ ಸಿಗುವುದು ಇಂಥವರಿಗೆ.

ಮೂರನೆಯದು: ಪೊಟ್ಯಾಸಿಯಂ ಕುಸಿದು ಕೈಕಾಲು ಸೋತು ಬಂದ 28ರ ಹೆಣ್ಣುಮಗಳು. ಒಣಗುವ ದೂರಿಲ್ಲ, ಶಿರ್ಮರ್ 12 ಮತ್ತು 10, ಬಣ್ಣದ ಅಂಕ 2, ಜೊಲ್ಲು ನಿಮಿಷಕ್ಕೆ 0.25, ಎಸ್‌ಎಸ್‌ಎ ಪಾಸಿಟಿವ್, ಫೋಕಸ್ ಸ್ಕೋರ್ 2. 2002ರಲ್ಲಿ ಎರಡೇ ಅಂಶ, ಫೇಲು. 2012ರಲ್ಲಿ ರಕ್ತ ಮತ್ತು ಬಯಾಪ್ಸಿಯಿಂದ ಪಾಸು. 2016ರಲ್ಲಿ ಮೂತ್ರಪಿಂಡದ ಬಾಗಿಲಿಂದ ಒಳಬಂದು 6.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಎಲ್ಲ ದೂರೂ ಇದೆ, ಶಿರ್ಮರ್ 2, ಬಣ್ಣದ ಅಂಕ 7, ಜೊಲ್ಲು ನಿಮಿಷಕ್ಕೆ 0.05, ರಕ್ತ ನೆಗೆಟಿವ್, ಫೋಕಸ್ ಸ್ಕೋರ್ 0.6. ಮೂರರಲ್ಲೂ ಫೇಲು. ಜಪಾನಿನ 1999ರ ಪಟ್ಟಿಯಲ್ಲಿ ಕಣ್ಣು, ಬಾಯಿ, ರಕ್ತ, ಬಯಾಪ್ಸಿ ನಾಲ್ಕರಲ್ಲಿ ಎರಡು ಸಾಕು. ಅಲ್ಲಿ ಕೇಳುವ ಗಮ್ ಅಥವಾ ಸ್ಯಾಕ್ಸನ್ (ಹತ್ತಿಬಟ್ಟೆ ಜಗಿಸಿ ಜೊಲ್ಲು ಅಳೆಯುವ) ಪರೀಕ್ಷೆಯೂ ಸಿಂಟಿಗ್ರಫಿಯೂ ಹೊಂದಿದರೆ ಇದೇ ವ್ಯಕ್ತಿ ಪಾಸಾಗಬಹುದು. ಆ ಒಣಕಣ್ಣು, ಒಣಬಾಯಿ ನೂರಕ್ಕೆ ನೂರು ನಿಜ. ಕೃತಕ ಕಣ್ಣೀರು, ಹಲ್ಲಿಗೆ ಫ್ಲೋರೈಡ್, ಬಾಯಿಯ ಫಂಗಸ್‌ಗೆ ಚಿಕಿತ್ಸೆ, ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಬಗ್ಗೆ ವೈದ್ಯರ ಸಲಹೆ, ಇದ್ಯಾವುದಕ್ಕೂ ಅಂಕಪಟ್ಟಿ ಬೇಕಿಲ್ಲ. ಈ ಫೈಲ್‌ನಲ್ಲಿ ಮಾಡಬೇಕಾದದ್ದು ಹಂತ 1ಕ್ಕೆ ಹಿಂತಿರುಗುವುದು: ಔಷಧ, ಹೆಪಟೈಟಿಸ್ ಸಿ, ಎಚ್‌ಐವಿ, ಐಜಿಜಿ-4, ಸಾರ್ಕಾಯ್ಡ್ ಮತ್ತೆ ನೋಡಿ. ಬಯಾಪ್ಸಿಯ ಗಾಜನ್ನು ಇನ್ನೊಬ್ಬರಿಗೆ ತೋರಿಸಿ.

ಅಂಕಕ್ಕೆ ಸಂಬಂಧವಿಲ್ಲದೆ ಕೂಡಲೇ ನೋಡಬೇಕಾದದ್ದು

ಎಸ್‌ಎಸ್‌ಎ ಪಾಸಿಟಿವ್ ಇರುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುಂಚೆಯೇ ಅದನ್ನು ಪ್ರಸೂತಿ ವೈದ್ಯರಿಗೆ ಹೇಳಬೇಕು, ಮಾನದಂಡದಲ್ಲಿ ಪಾಸಾಗಿರಲಿ ಬಿಡಲಿ. ಈ ಪ್ರತಿಕಾಯ ಮಗುವಿಗೆ ದಾಟಿ, ನೂರರಲ್ಲಿ ಒಂದೆರಡು ಗರ್ಭಗಳಲ್ಲಿ ಮಗುವಿನ ಹೃದಯಬಡಿತದ ದಾರಿಗೆ ಅಡ್ಡಿಯಾಗುತ್ತದೆ. ಸುಮಾರು 16ರಿಂದ 26ನೇ ವಾರದವರೆಗೆ ಮಗುವಿನ ಹೃದಯದ ಸ್ಕ್ಯಾನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಬೇಕೇ ಎಂಬ ಚರ್ಚೆ ಸಮಯಕ್ಕೆ ಆಗಬೇಕು.

ಕಿವಿಯ ಕೆಳಗಿನ ಗ್ರಂಥಿ ಊದಿ ಇಳಿಯದೆ ಗಟ್ಟಿಯಾಗಿಯೇ ಉಳಿದರೆ, ಕಾಲಲ್ಲಿ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ ಬಂದರೆ, ಕಾರಣವಿಲ್ಲದೆ ತೂಕ ಇಳಿದು ಜ್ವರ ಬರುತ್ತಿದ್ದರೆ, ರಕ್ತಪರೀಕ್ಷೆಯಲ್ಲಿ ಸಿ4 ಎಂಬ ಪ್ರೋಟೀನ್ ಕಡಿಮೆ ಬಂದಿದ್ದರೆ ರೂಮಟಾಲಜಿಸ್ಟ್ ಅಪಾಯಿಂಟ್‌ಮೆಂಟ್ ಮುಂದೂಡಬೇಡಿ. ಈ ಕಾಯಿಲೆಯಲ್ಲಿ ಲಿಂಫೋಮಾದ ಅಪಾಯ ಹೆಚ್ಚು, ಇವು ಅದರ ಮುನ್ಸೂಚನೆಗಳು.

ಫೈಲ್‌ನ ಮೊದಲ ಹಾಳೆಯಲ್ಲಿ ಏನಿರಬೇಕು

ಹೊಸ ವೈದ್ಯರ ಬಳಿ ಹೋಗುವಾಗ ಮೂವತ್ತು ಪುಟದ ಕಟ್ಟಿನ ಮೇಲೆ ಒಂದು ಹಾಳೆ ಇಡಿ. ಶಿರ್ಮರ್: ಬಲ, ಎಡ, ದಿನಾಂಕ, ಹನಿ ಹಾಕಿತ್ತೇ. ಬಣ್ಣದ ಅಂಕ: ಬಲ, ಎಡ, ಯಾವ ಅಳತೆ. ಜೊಲ್ಲು: ಎಷ್ಟು ಗ್ರಾಂ, ಎಷ್ಟು ನಿಮಿಷ. ಎಸ್‌ಎಸ್‌ಎ, ಆರ್‌ಒ-52, ಎಸ್‌ಎಸ್‌ಬಿ ಬೇರೆ ಬೇರೆ, ಯಾವ ವಿಧಾನ. ಬಯಾಪ್ಸಿ: ಎಷ್ಟು ಗ್ರಂಥಿ, ಎಷ್ಟು ಚದರ ಮಿ.ಮೀ., ಫೋಕಸ್ ಸ್ಕೋರ್. ಆಯಾ ಪರೀಕ್ಷೆಯ ದಿನ ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಹೆಸರು. ಕೊನೆಯಲ್ಲಿ ‘2016ರ ಪ್ರಕಾರ ಇಷ್ಟು ಅಂಕ’ ಎಂದು ವರ್ಷ ಸಮೇತ ಬರೆಯಿರಿ. ಬರೀ ‘ಮಾನದಂಡ ಪೂರೈಸಿದೆ’ ಎಂದರೆ ಯಾವ ಮಾನದಂಡ ಎಂದು ಮತ್ತೆ ಹುಡುಕಬೇಕಾಗುತ್ತದೆ.

ಒಮ್ಮೆ ಸ್ಪಷ್ಟವಾಗಿ ಪಾಸಿಟಿವ್ ಬಂದ ಎಸ್‌ಎಸ್‌ಎಯನ್ನು ಪ್ರತಿ ವರ್ಷ ದುಡ್ಡು ಕೊಟ್ಟು ಮಾಡಿಸಬೇಕಿಲ್ಲ, ಅದು ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಗೆರೆಯ ಆಚೀಚೆ ಇದ್ದ ಶಿರ್ಮರ್ ಮತ್ತು ಜೊಲ್ಲನ್ನು ಲಕ್ಷಣ ಹೆಚ್ಚಾದಾಗ ಮತ್ತೆ ಅಳೆಸಿ. ಬಯಾಪ್ಸಿ ಎರಡನೇ ಸಲ ಬೇಕಾಗುವುದು ಅಪರೂಪ. ಮೊದಲ ಸ್ಯಾಂಪಲ್ ಸಾಲದಿದ್ದಾಗ, ಇಲ್ಲವೇ ವರ್ಷಗಳ ನಂತರ ಚಿತ್ರ ಪೂರ್ತಿ ಬದಲಾದಾಗ ಮಾತ್ರ ಅದಕ್ಕೆ ಒಪ್ಪಿಕೊಳ್ಳಿ.